ಕಾರಿಲ್ಲದೆ ಲ್ಯಾಂಗ್‌ಡೇಲ್: ಒಂದೇ ಹಳೇ ಇನ್, ಮೂರು ರಾತ್ರಿ, ನಾಲ್ಕು ಜನ

ಇಂಗ್ಲೆಂಡಿನ ವಾಯವ್ಯದ ಬೆಟ್ಟ-ಕೆರೆಗಳ ನಾಡು ಲೇಕ್ ಡಿಸ್ಟ್ರಿಕ್ಟ್‌ಗೆ ಕಾರಿಲ್ಲದೆ ಹೋಗ್ತೀವಿ ಅಂದಾಗ ನಮ್ಮ ಲಂಡನ್ ಗೆಳೆಯರ ಬಳಗದಲ್ಲಿ ನಗದವರಿಲ್ಲ. ನಾಲ್ವರಲ್ಲಿ ಇಬ್ಬರು ಅರವತ್ತು ದಾಟಿದವರು, ನಾಲ್ವರೂ ಸಸ್ಯಾಹಾರಿಗಳು. "ಬಸ್ಸು ಕಾಯೋದರಲ್ಲೇ ರಜೆ ಮುಗಿಯುತ್ತೆ, ರಾತ್ರಿ ಪಬ್‌ನಲ್ಲಿ ಚಿಪ್ಸ್ ತಿಂದು ಮಲಗ್ತೀರಿ" ಅಂದರು. ಮೊದಲ ಮೂರು ಸಲ ಅವರು ಹೇಳಿದ್ದೇ ನಿಜವಾಯಿತು. ನಾಲ್ಕನೆಯ ಸಲ ಕೆಲಸ ಮಾಡಿದ ಲೆಕ್ಕ ಇದು. ಬೂಟು, ನಕ್ಷೆ, ದಿಕ್ಸೂಚಿ ಬಳಸಲು ಗೊತ್ತಿರುವವರಿಗೆ ಬರೆದದ್ದು, ಆ ಪಾಠ ಇಲ್ಲಿಲ್ಲ.

ಮೊದಲು ಸೋತ ಲೆಕ್ಕ. ಒಂದನೆಯ ಸಲ ಬಾಡಿಗೆ ಕಾರು, ಪಟ್ಟಣದಲ್ಲಿ ರೂಮು. ಬೇಸಗೆಯ ವಾರಾಂತ್ಯದಲ್ಲಿ ಕಣಿವೆಯ ಪಾರ್ಕಿಂಗ್ ಒಂಬತ್ತಕ್ಕೆಲ್ಲ ತುಂಬಿರುತ್ತೆ. ಬಾಡಿಗೆ, ಪೆಟ್ರೋಲು, ಪಾರ್ಕಿಂಗ್ ಸೇರಿ ಮುನ್ನೂರೈವತ್ತು ಪೌಂಡ್ ಬರೀ ಗಾಲಿಗೇ ಹೋಯಿತು, ನಡೆದದ್ದು ಎರಡೇ ದಿನ. ಎರಡನೆಯ ಸಲ ದಿನಕ್ಕೊಂದು ಇನ್ (ಊಟ, ವಸತಿ ಎರಡೂ ಇರುವ ಪಬ್), ಸಾಮಾನು ಸಾಗಿಸಲು ವ್ಯಾನಿನವರು. ಕೇಳೋಕೆ ಚೆಂದ. ಆದರೆ ಮಳೆ ಬಂದರೂ ಮಂಡಿ ನೋವಾದರೂ ಮುಂದಿನ ಇನ್‌ಗೆ ಹೋಗಲೇಬೇಕು, ಹಾಸಿಗೆ ಅಲ್ಲಿ ಕಾಯ್ತಿರುತ್ತೆ. ಮೂರನೆಯ ಸಲ ಒಂದೇ ಇನ್ ಹಿಡಿದೆವು, ಆದರೆ ತಪ್ಪು ಜಾಗದಲ್ಲಿ, ತಪ್ಪು ದಿನ. ಹೆದ್ದಾರಿ ಪಕ್ಕ, ಬೆಟ್ಟದ ಬುಡಕ್ಕೆ ಹೋಗಲು ಟಾರು ರಸ್ತೆಯಲ್ಲೇ ನಾಲ್ಕು ಕಿಲೋಮೀಟರು. ಭಾನುವಾರ ಮಧ್ಯಾಹ್ನದ ರೋಸ್ಟ್ ಊಟ ಮುಗಿಸಿ ಅಡುಗೆಮನೆ ಮುಚ್ಚಿಬಿಟ್ಟರು, ರಾತ್ರಿಗೆ ಸಿಕ್ಕಿದ್ದು ಕಡ್ಲೆಬೀಜದ ಪೊಟ್ಟಣ. ಊರು ಹೆಸರು ಬೇಡ. ತಪ್ಪು ನಮ್ಮದೂ ಇದೆ: ಭಾನುವಾರ ಅಡುಗೆ ಎಷ್ಟು ಗಂಟೆವರೆಗೆ ಅಂತ ಬುಕ್ ಮಾಡುವಾಗ ಕೇಳಿರಲಿಲ್ಲ.

ಇದರಿಂದ ಕಲಿತದ್ದು ಒಂದೇ: ಇನ್ ಕಣಿವೆಯ ಬಾಯಲ್ಲಿ ಅಲ್ಲ, ತಲೆಯಲ್ಲಿರಬೇಕು. ಬಸ್ಸಿನ ಕೊನೇ ನಿಲ್ದಾಣ, ಅಲ್ಲಿಂದ ಮುಂದೆ ಬೆಟ್ಟ. ಹಾಗಿದ್ದರೆ ಬಾಗಿಲು ದಾಟಿದರೆ ನಡಿಗೆ ಶುರು, ಸುಸ್ತಾದವರು ಯಾವಾಗ ಬೇಕಾದರೂ ತಿರುಗಿ ಬರಬಹುದು, ಯಾರೂ ಯಾರಿಗೂ ಕಾಯಬೇಕಿಲ್ಲ. ಗ್ರೇಟ್ ಲ್ಯಾಂಗ್‌ಡೇಲ್ ಕಣಿವೆಯ ತುದಿಯ ಓಲ್ಡ್ ಡಂಜನ್ ಗಿಲ್ ಅಂಥ ಇನ್. ಇತಿಹಾಸಕಾರ ಜಿ. ಎಂ. ಟ್ರೆವೆಲಿಯನ್ ಕೊಂಡು ನ್ಯಾಷನಲ್ ಟ್ರಸ್ಟ್‌ಗೆ (ಹಳೇ ಕಟ್ಟಡ, ನಿಸರ್ಗ ಕಾಪಾಡುವ ಸಂಸ್ಥೆ) ಕೊಟ್ಟ ಜಾಗ. ಅಲ್ಲಿನ ಹೈಕರ್ಸ್ ಬಾರ್ ಒಂದು ಕಾಲಕ್ಕೆ ದನದ ಕೊಟ್ಟಿಗೆಯಾಗಿತ್ತು. ಕೊಟ್ಟಿಗೆಯ ಅಂಕಣಗಳಲ್ಲೇ ಈಗ ಬೆಂಚು. ಹೆಸರಿನ ಡಂಜನ್ ಸೆರೆಮನೆಯಲ್ಲ, ಹಿಂದಿರುವ ಕಡಿದಾದ ಕೊರಕಲು. ಗಿಲ್ ಅಂದರೆ ಹಳ್ಳ.

ದಿನ: ಸೋಮವಾರ ಹೋಗಿ ಗುರುವಾರ ವಾಪಸ್ಸು. ಭಾನುವಾರ ಎಷ್ಟೋ ಸಲ ರೈಲು ಹಳಿ ರಿಪೇರಿ ಅಂತ ಅರ್ಧ ದಾರಿ ಬಸ್ಸಿಗೆ ಹತ್ತಿಸ್ತಾರೆ, ಶುಕ್ರ-ಶನಿ ರೂಮಿನ ದರ ಏರುತ್ತೆ. ಇಬ್ಬಿಬ್ಬರಿಗೆ ಒಂದು ಟು ಟುಗೆದರ್ ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ. ಆದರೆ ವಾರದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ ನಡೆಯಲ್ಲ, ಇಬ್ಬರೂ ಜೊತೆಗೇ ಪ್ರಯಾಣ ಮಾಡಬೇಕು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಆಕ್ಸೆನ್‌ಹೋಮ್ ಎರಡೂಮುಕ್ಕಾಲು ಗಂಟೆ, ಅಲ್ಲಿ ವಿಂಡರ್‌ಮೀರ್ ಗಾಡಿ, ಆಮೇಲೆ 555 ಬಸ್ಸಿನಲ್ಲಿ ಆಂಬಲ್‌ಸೈಡ್, ಅಲ್ಲಿಂದ 516. ಈ 516 ದಿನಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ, ಋತುವಿಗೆ ತಕ್ಕಂತೆ ವೇಳೆ ಬದಲಾಗುತ್ತೆ. ಹಾಗಾಗಿ ಮೊದಲು 516ರ ವೇಳೆ ನೋಡಿ, ಅದಕ್ಕೆ ಹೊಂದುವ ರೈಲು ಹುಡುಕಿ. ಎಲ್ಲರೂ ಇದನ್ನ ತಿರುಗಾಮುರುಗಾ ಮಾಡ್ತಾರೆ, ಆಂಬಲ್‌ಸೈಡ್‌ನಲ್ಲಿ ಟ್ಯಾಕ್ಸಿಗೆ ಮೂವತ್ತು ಪೌಂಡ್ ಕೊಡ್ತಾರೆ. ನಾವು ಹೋದಾಗ ಬಸ್ಸು ಒಂದು ಹತ್ತುವಿಕೆಗೆ ಗರಿಷ್ಠ 3 ಪೌಂಡ್ ಇತ್ತು.

ಖರ್ಚು ನೆನಪಿನಿಂದ: ಎರಡು ರೂಮು, ತಿಂಡಿ ಸೇರಿ ಒಂದೊಂದು ರೂಮಿಗೆ ರಾತ್ರಿಗೆ 140 ಪೌಂಡಿನ ಹತ್ತಿರ, ಮೂರು ರಾತ್ರಿಗೆ 840. ರೈಲು ನಾಲ್ವರಿಗೂ ಹೋಗಿಬರಲು 260, ಬಸ್ಸು 50ರೊಳಗೆ, ರಾತ್ರಿ ಊಟ 240, ಚಿಲ್ಲರೆ 40. ತಲೆಗೆ 350-360. ಕಾರಿನ ಸಲಕ್ಕಿಂತ ತಲೆಗೆ ಐವತ್ತಾದರೂ ಕಮ್ಮಿ, ನಡೆದ ದಿನ ಜಾಸ್ತಿ. ರೂಮು ಬುಕ್ ಮಾಡಲು ಫೋನ್ ಮಾಡಿ, ಮಾತಾಡಿದರೆ ಸಿಗುವುದು ಆ್ಯಪ್‌ನಲ್ಲಿ ಸಿಗಲ್ಲ. ಯಾವ ರೂಮು ಕೇಳಬೇಕು ಅನ್ನೋದು ನನ್ನಲ್ಲೇ ಇರಲಿ, ಮುಂದಿನ ಮೇ ತಿಂಗಳಿಗೆ ನನಗೇ ಬೇಕು.

ವೇಗದ ಲೆಕ್ಕಕ್ಕೆ 1892ರ ನೈಸ್ಮಿತ್ ಸೂತ್ರ ಗೊತ್ತಲ್ಲ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮವರಿಗೆ ಅದನ್ನ ಒಂದೂಮುಕ್ಕಾಲಿನಿಂದ ಗುಣಿಸಿ. ಮೂರು ನಡಿಗೆಗೂ ಹದಿನೈದು ನಿಮಿಷದ ಆಚೀಚೆ ಸರಿ ಬಂತು.

ಬಂದ ದಿನ ಸಂಜೆ ಬ್ಲೀ ಟಾರ್ನ್ (ಟಾರ್ನ್ ಅಂದರೆ ಬೆಟ್ಟದ ಕೆರೆ) ಸುತ್ತು. ಆರೇಳು ಕಿಲೋಮೀಟರು, ಮುನ್ನೂರು ಮೀಟರ್ ಏರು, ಮೂರು ಗಂಟೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತೆ. ಸೈಡ್ ಪೈಕ್ ಗುಡ್ಡದ ಪಕ್ಕ ಬಂಡೆಯ ಸೀಳೊಂದಿದೆ. ಬ್ಯಾಗು ಬಿಚ್ಚಿ ಕೈಯಲ್ಲಿ ಹಿಡಿದು ಅಡ್ಡಡ್ಡ ತೂರಬೇಕು. ಹೊಟ್ಟೆ ಇರುವವರು ಕೆಳಗಿನ ದಾರಿ ಹಿಡಿಯಿರಿ, ನಾಚಿಕೆ ಏನಿಲ್ಲ.

ಎರಡನೆಯ ದಿನ ಲ್ಯಾಂಗ್‌ಡೇಲ್ ಪೈಕ್ಸ್ ಶಿಖರಗಳು. ಸ್ಟಿಕಲ್ ಗಿಲ್ ಪಕ್ಕದ ಕಲ್ಲುಮೆಟ್ಟಿಲು ಹತ್ತಿದರೆ ಸ್ಟಿಕಲ್ ಟಾರ್ನ್ ಕೆರೆ, ಎದುರಿಗೆ ಗೋಡೆಯ ಹಾಗೆ ಪೇವಿ ಆರ್ಕ್. ಆ ಗೋಡೆಗೆ ಅಡ್ಡಲಾಗಿ ಗೀಟಿನಂತೆ ಕಾಣುವುದು ಜ್ಯಾಕ್ಸ್ ರೇಕ್. ನಕ್ಷೆಯಲ್ಲಿ ದಾರಿ ಅನಿಸಿದರೂ ಅದು ಕೈಕಾಲು ಎರಡೂ ಬಳಸಿ ಹತ್ತುವ ಬಂಡೆ, ಬಿದ್ದು ಸತ್ತವರಿದ್ದಾರೆ. ನಾವು ಬಲಕ್ಕೆ ಬ್ರೈಟ್ ಬೆಕ್ ಹಳ್ಳದ ಗುಂಟ ಸುತ್ತಿ ನಾರ್ತ್ ರೇಕ್‌ನಲ್ಲಿ ಏರಿದೆವು. ಆಮೇಲೆ ಹ್ಯಾರಿಸನ್ ಸ್ಟಿಕಲ್ 736 ಮೀಟರ್, ಪೈಕ್ ಆಫ್ ಸ್ಟಿಕಲ್ 709. ಇಲ್ಲಿ ಶಿಲಾಯುಗದ ಜನ ಹಸಿರು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ಆ ಚೂರುಗಳು ಇನ್ನೂ ದಕ್ಷಿಣದ ಜರಿಕಲ್ಲಿನಲ್ಲಿವೆ. ಅದನ್ನ ನೋಡುವ ಆಸೆಗೆ ಆ ಜರಿಯಲ್ಲಿ ಇಳಿಯಬೇಡಿ. ಕಾಲಿಟ್ಟ ಕಡೆ ಕಲ್ಲು ಜಾರಿ ಕೆಳಗಿನವರ ತಲೆ ಮೇಲೆ ಬೀಳುತ್ತೆ. ಲಾಫ್ಟ್ ಕ್ರ್ಯಾಗ್ ಬದಿಯಿಂದ ಇಳಿಯಿರಿ. ಒಟ್ಟು ಹತ್ತು ಕಿಲೋಮೀಟರು, 750 ಮೀಟರ್ ಏರು, ಐದೂಮುಕ್ಕಾಲು ಗಂಟೆ. ಅದೇ ದಿನ ಹಿರಿಯರಿಬ್ಬರು ಕೆರೆವರೆಗೆ ಬಂದು ತಾವೇ ವಾಪಸ್ಸಾದರು, ಮಧ್ಯಾಹ್ನದ ಚಹಾಕ್ಕೆ ಇನ್‌ನಲ್ಲಿದ್ದರು. ಉಳಿದ ಮೂರು ಪದ್ಧತಿಯಲ್ಲಿ ಇದು ಸಾಧ್ಯವೇ ಇರಲಿಲ್ಲ.

ಮೂರನೆಯ ದಿನ ಬೋಫೆಲ್, 902 ಮೀಟರ್. ಕುದುರೆಮುಖ ಹತ್ತಿದವರು ಇದೇನು ದಿಣ್ಣೆ ಅಂತ ನಗ್ತಾರೆ, ನಗಲಿ. ಕಣಿವೆ ನೂರು ಮೀಟರಿನಲ್ಲಿದೆ, ಏರು ಪೂರ್ತಿ ನಿಮ್ಮದೇ. ನೂರು ಮೀಟರಿಗೆ ಅರ್ಧ ಡಿಗ್ರಿ ಮೇಲೆ ಇಳಿಯುತ್ತೆ, ಕೆಳಗೆ 14 ಇದ್ದರೆ ಮೇಲೆ 9, ಅದರ ಮೇಲೆ ಗಾಳಿ. ಸ್ಟೂಲ್ ಎಂಡ್ ಫಾರ್ಮ್ ಅಂಗಳ ದಾಟಿ (ಗೇಟು ಹೇಗಿತ್ತೋ ಹಾಗೇ ಬಿಡಿ) ದ ಬ್ಯಾಂಡ್ ಅನ್ನೋ ಏಣಿನ ಮೇಲೆ ಥ್ರೀ ಟಾರ್ನ್ಸ್, ಅಲ್ಲಿಂದ ಶಿಖರ. ಎಡವಟ್ಟು ಆಗುವುದು ಮೇಲೆ, ಮಂಜಿನಲ್ಲಿ. ಬರೀ ಬಂಡೆ, ದಾರಿ ಕಾಣಲ್ಲ. ದಿಕ್ಸೂಚಿ ಹಿಡಿದು ಉತ್ತರ-ವಾಯವ್ಯಕ್ಕೆ ಓರ್ ಗ್ಯಾಪ್ ತನಕ ಬನ್ನಿ. ಕಬ್ಬಿಣದ ಅದಿರಿನಿಂದ ಅಲ್ಲಿ ಮಣ್ಣು ನಮ್ಮೂರ ಕೆಮ್ಮಣ್ಣಿನ ಹಾಗೆ ಕೆಂಪು. ಕಾಲ ಕೆಳಗೆ ಕೆಂಪು ಕಂಡರೆ ಜಾಗ ಸರಿ. ಅಲ್ಲಿ ಬಲಕ್ಕೆ ತಿರುಗಿದರೆ ಆ್ಯಂಗಲ್ ಟಾರ್ನ್, ಎಡಕ್ಕೆ ಇಳಿದರೆ ಎಸ್ಕ್‌ಡೇಲ್, ಅದು ಬೇರೆಯೇ ಕಣಿವೆ. ಎಸ್ಕ್‌ಡೇಲ್‌ಗೆ ಇಳಿದವರು ವಾಪಸ್ಸು ಬರಲು ಹಾರ್ಡ್‌ನಾಟ್, ರೈನೋಸ್ ಘಾಟಿ ದಾಟುವ ಟ್ಯಾಕ್ಸಿ ಹುಡುಕಬೇಕು. ಆ್ಯಂಗಲ್ ಟಾರ್ನ್‌ನಿಂದ ಸ್ವಲ್ಪ ಏರಿ ರೊಸೆಟ್ ಗಿಲ್ ಅಂಕುಡೊಂಕಿನ ಕಲ್ಲುದಾರಿ, ಆಮೇಲೆ ಮಿಕ್ಲ್‌ಡೆನ್ ಬಯಲು. ಬಯಲು ಸಪಾಟು, ಇನ್ ಕಾಣ್ತಾ ಇರುತ್ತೆ, ಹತ್ತಿರವೇ ಬರಲ್ಲ. ಹದಿನಾಲ್ಕು ಕಿಲೋಮೀಟರು, ಏಳೂವರೆ ಗಂಟೆ. ನಕ್ಷೆ ಆರ್ಡ್ನನ್ಸ್ ಸರ್ವೇಯ ಓಎಲ್6. ಆಂಬಲ್‌ಸೈಡ್ ಬದಿಗೆ ಓಎಲ್7 ಬೇಕು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಂಡಿರಿ, ಸೀಟಿ ಜೇಬಲ್ಲಿರಲಿ: ಅಪಾಯದಲ್ಲಿ ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಊದಿ.

ಊಟದ ಪ್ರಯೋಗಕ್ಕೆ ಬರ್ತೀನಿ. ಗಟ್ಟಿ ಅವಲಕ್ಕಿ ಒಗ್ಗರಣೆ ಹಾಕಿ ಬಿಸಿ ಫ್ಲಾಸ್ಕಿಗೆ ತುಂಬಿದ್ದು ಮಧ್ಯಾಹ್ನಕ್ಕೆ ಮುದ್ದೆ. ಗೆದ್ದದ್ದು ಗೊಜ್ಜವಲಕ್ಕಿಯ ಒಣ ಪುಡಿ: ತರಿಯಾಗಿ ಪುಡಿಮಾಡಿದ ಅವಲಕ್ಕಿ, ಸಾರಿನ ಪುಡಿ, ಒಣ ಹುಣಸೆ ಪುಡಿ, ಬೆಲ್ಲ, ಉಪ್ಪು, ಒಣಗಿದ ಒಗ್ಗರಣೆ ಮನೆಯಲ್ಲೇ ಕಲಸಿ ಪೊಟ್ಟಣ ಕಟ್ಟಿ. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಒಂದು ಅಳತೆಗೆ ಒಂದು ಅಳತೆ ಬಿಸಿನೀರು, ಹತ್ತು ನಿಮಿಷ. ಪುಡಿಯಲ್ಲಿ ಇನ್ನೊಂದು ಸಾಮಾನಿದೆ, ಅದು ನಮ್ಮತ್ತೆಯ ಗುಟ್ಟು. ನಿಪ್ಪಟ್ಟು ಬ್ಯಾಗಿನ ತಳದಲ್ಲಿ ಹಿಟ್ಟಾಗುತ್ತೆ, ಕೋಡುಬಳೆ ಉಳಿಯುತ್ತೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೇಳಿದರೆ ಫ್ಲಾಸ್ಕಿಗೆ ಬಿಸಿನೀರು ಕೊಡ್ತಾರೆ. ನಿಮ್ಮ ಡಬ್ಬಿ ಮಾತ್ರ ಬಾರ್‌ನಲ್ಲಿ ಬಿಚ್ಚಬೇಡಿ. ಇನ್ನೊಂದು: ಇಂಗ್ಲೆಂಡಿನ ಉತ್ತರದಲ್ಲಿ ಕೆಲವು ಕಡೆ ಚಿಪ್ಸ್ ದನದ ಕೊಬ್ಬಿನಲ್ಲಿ ಕರೀತಾರೆ, ಬೆಳಗಿನ ಅಣಬೆ ಬೇಕನ್ ಬಾಣಲೆಯಲ್ಲೇ ಬೇಯುತ್ತೆ. ಬುಕ್ ಮಾಡುವಾಗಲೇ ಹೇಳಿ, ಹೋದ ಸಂಜೆ ಇನ್ನೊಮ್ಮೆ ನೆನಪಿಸಿ. ಟೇಬಲ್ ಹತ್ತಿರ ಯಾರಾದರೂ ಬರ್ತಾರೆ ಅಂತ ಕಾಯಬೇಡಿ, ರಾತ್ರಿ ಊಟಕ್ಕೆ ಏನು ಬೇಕು ಅಂತ ಕೌಂಟರಿಗೆ ಹೋಗಿ ಹೇಳಬೇಕು, ರಾತ್ರಿ ಎಂಟೂವರೆ ಒಳಗೆ.

ಆಗುಂಬೆ ಮಳೆ ನೋಡಿದವರಿಗೆ ಇಲ್ಲಿನದು ಮಳೆಯೇ ಅಲ್ಲ, ಆದರೆ ಅಡ್ಡಡ್ಡ ಬರುತ್ತೆ. ಕೊಡೆ ಮೊದಲ ಏಣಿನಲ್ಲೇ ಮುರೀತು. ಬ್ಯಾಗಿನ ಹೊರಕವಚ ಗಾಳಿಗೆ ಹಾರುತ್ತೆ. ಒಳಗೆ ದಪ್ಪ ಕಸದ ಚೀಲ ಹಾಕಿ ಬಾಯಿ ಸುತ್ತಿ. ಜೀನ್ಸ್ ಒದ್ದೆಯಾದರೆ ಒಣಗಲ್ಲ. ಒದ್ದೆ ಬೂಟನ್ನ ರೇಡಿಯೇಟರ್ ಮೇಲಿಡಬೇಡಿ, ಅಂಟು ಬಿಟ್ಟು ಅಟ್ಟೆ ಕಿತ್ತುಬರುತ್ತೆ. ನಮ್ಮದೊಂದು ಜೊತೆ, 120 ಪೌಂಡಿನದು, ಹಾಗೇ ಹೋಯಿತು. ಒಳಅಟ್ಟೆ ತೆಗೆದು ಹಳೇ ಪೇಪರು ತುರುಕಿ, ಒಂದು ಗಂಟೆ ಬಿಟ್ಟು ಬದಲಿಸಿ, ಮಲಗುವ ಮುಂಚೆ ಮತ್ತೆ ಬದಲಿಸಿ, ಒಣಗಿಸುವ ಕೋಣೆಯಲ್ಲಿಡಿ. ಬಾರ್‌ನವರನ್ನು ಕೇಳಿದರೆ ನಿನ್ನೆಯ ಪೇಪರು ಸಿಗುತ್ತೆ.