ಎಂಜಿನ್ನಿನ ಉಸಿರುದಾರಿ: ಕ್ರ್ಯಾಂಕ್‌ಕೇಸ್ ಬ್ರೀದರ್ ಅರಿಯುವುದು, ಶುಚಿ ಮಾಡುವುದು

ಎಂಜಿನ್ನಿನಿಂದ ಆಯಿಲ್ ಸೋರಿದಾಗ ನಮ್ಮ ಅನುಮಾನ ಮೊದಲು ಹೋಗುವುದು ಆಯಿಲ್ ಸೀಲಿನ ಮೇಲೆ. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಹಿಂಬದಿಯ ಸೀಲನ್ನು ಬದಲಾಯಿಸಿದ ಮೂರೇ ತಿಂಗಳಲ್ಲಿ ನೆಲದ ಮೇಲೆ ಮತ್ತೆ ಕಪ್ಪು ಹನಿಗಳು ಕಾಣಿಸಿಕೊಂಡವು. ಎರಡನೆಯ ಸಲ ಗೇರ್‌ಬಾಕ್ಸಿಗೆ ಕೈ ಹಾಕುವ ಮುನ್ನ ಎಂಜಿನ್ನಿನೊಳಗಿನ ಹೊಗೆ ಹೊರಹೋಗುವ ಕೊಳವೆಯಾದ ಬ್ರೀದರ್ ಹೋಸನ್ನು ಬಿಚ್ಚಿ ನೋಡಿದೆ. ಅದು ಟಾರಿನಂಥ ಜಿಡ್ಡು ತುಂಬಿ ಪೂರ್ತಿ ಕಟ್ಟಿಕೊಂಡಿತ್ತು. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕಲ್ಲವೇ? ಹೋಗಲು ದಾರಿಯಿಲ್ಲದ ಒತ್ತಡವು ಹೊಸ ಸೀಲಿನ ಅಂಚಿನಿಂದಲೇ ಆಯಿಲನ್ನು ಹೊರಗೆ ತಳ್ಳುತ್ತಿತ್ತು. ಆದ್ದರಿಂದ ಸೀಲು, ಗ್ಯಾಸ್ಕೆಟ್‌ಗಳಿಗೆ ಹಣ ಸುರಿಯುವ ಮೊದಲು ಎಂಜಿನ್ನಿನ ಉಸಿರಾಟವನ್ನು ಪರೀಕ್ಷಿಸಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಸಿಲಿಂಡರಿನಲ್ಲಿ ಉರಿದ ಅನಿಲದ ಸ್ವಲ್ಪ ಭಾಗ ಅವುಗಳ ಪಕ್ಕದಿಂದ ನುಸುಳಿ ಎಂಜಿನ್ನಿನ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬ್ಲೋ-ಬೈ ಎನ್ನುತ್ತಾರೆ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲ್ ಆವಿ ಇರುತ್ತದೆ, ಆಯಿಲನ್ನು ಕೆಡಿಸುವ ಆಮ್ಲೀಯ ಅನಿಲಗಳಿರುತ್ತವೆ, ಜೊತೆಗೆ ನೀರಾವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ; ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಆಯಿಲಿನ ಕಡೆಗೂ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಈ ನೀರು ಮತ್ತೆ ಆವಿಯಾಗಿ ಹೊರಬೀಳುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಮನೆಯಿಂದ ಅಂಗಡಿಯವರೆಗೆ ಎರಡು ಕಿಲೋಮೀಟರ್ ಓಡಿ ಮತ್ತೆ ತಣ್ಣಗಾಗುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಅಂಥ ಕಾರಿನ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದರೆ ಒಳಭಾಗದಲ್ಲಿ ಬೆಣ್ಣೆಯಂಥ ತಿಳಿಹಳದಿ ಲೇಪ ಕಾಣಬಹುದು. ಆಗ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಮಟ್ಟವನ್ನೂ ನೋಡಿ: ಅದು ಇಳಿಯುತ್ತಿದ್ದರೆ ಕೂಲಂಟ್ ಆಯಿಲಿಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ, ಸ್ಥಿರವಾಗಿದ್ದರೆ ಅನುಮಾನ ಉಸಿರುದಾರಿಯ ಕಡೆಗೆ ತಿರುಗಬೇಕು.

ಹಿಂದಿನ ಕಾರುಗಳಲ್ಲಿ ಈ ಬ್ಲೋ-ಬೈ ಹೊಗೆಯನ್ನು ಒಂದು ಕೊಳವೆ ನೇರವಾಗಿ ರಸ್ತೆಗೆ ಬಿಡುತ್ತಿತ್ತು. ಲಾಸ್ ಏಂಜಲೀಸಿನ ಹೊಗೆಮಂಜು ಅಸಹನೀಯವಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಹೊಸ ಕಾರುಗಳಿಂದ ಆರಂಭಿಸಿ, ಹೊಗೆಯನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಸುಡುವ ವ್ಯವಸ್ಥೆ ಬಂತು. ಅದರ ಹೃದಯವೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್.

ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಎರಡು ದಾರಿಗಳಿರುತ್ತವೆ. ಏರ್ ಫಿಲ್ಟರ್ ಕಡೆಯಿಂದ ಒಂದು ಹೋಸ್ ಶುದ್ಧ ಗಾಳಿಯನ್ನು ಒಳಗೆ ತರುತ್ತದೆ. ಇನ್ನೊಂದು ಕಡೆ ಪಿಸಿವಿ ವಾಲ್ವ್ ಮೂಲಕ ಕೊಳೆ ಗಾಳಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿಗೆ ಸೆಳೆಯಲ್ಪಡುತ್ತದೆ. ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವ ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ಸೆಳೆತ ಜೋರಾಗಿರುವುದರಿಂದ ವಾಲ್ವಿನೊಳಗಿನ ಗೂಟ ಸ್ಪ್ರಿಂಗಿನ ವಿರುದ್ಧ ಎಳೆಯಲ್ಪಟ್ಟು ಸಣ್ಣ ಸಂದನ್ನಷ್ಟೇ ಬಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸೆಳೆತ ಕುಗ್ಗಿ, ಸ್ಪ್ರಿಂಗ್ ಗೂಟವನ್ನು ಹಿಂದಕ್ಕೆ ತಳ್ಳಿ, ದಾರಿ ಅಗಲವಾಗುತ್ತದೆ. ಬ್ಲೋ-ಬೈ ಹೆಚ್ಚುವುದೂ ಆಗಲೇ. ಇಷ್ಟು ಸರಳ ಸಾಧನ ಇಷ್ಟು ಜಾಣ ಕೆಲಸ ಮಾಡುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪರೀಕ್ಷೆಗೆ ಎಂಜಿನ್ನನ್ನು ಐಡಲಿಂಗ್‌ನಲ್ಲಿ ಬಿಟ್ಟು, ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಬಟ್ಟೆಗಳನ್ನು ದೂರವಿಟ್ಟು, ವಾಲ್ವನ್ನು ಅದು ಕೂತಿರುವ ರಬ್ಬರ್ ಬಳೆಯಾದ ಗ್ರೊಮೆಟ್‌ನಿಂದ ಎಳೆದು ತೆರೆದ ಬಾಯಿಗೆ ಹೆಬ್ಬೆರಳು ಒತ್ತಿ. ಬೆರಳಿಗೆ ಬಲವಾದ ಸೆಳೆತ ತಿಳಿಯಬೇಕು. ತಿಳಿಯದಿದ್ದರೆ ವಾಲ್ವೋ ಹೋಸೋ ಕಟ್ಟಿಕೊಂಡಿದೆ. ವಾಲ್ವನ್ನು ಮತ್ತೆ ಕೂರಿಸಿ, ಶುದ್ಧ ಗಾಳಿಯ ಹೋಸನ್ನು ಏರ್ ಫಿಲ್ಟರ್ ಕಡೆಯಲ್ಲಿ ಬಿಚ್ಚಿ, ಅದರ ಬಾಯಿಗೆ ತೆಳು ಕಾಗದದ ಚೂರನ್ನು ಹಿಡಿಯಿರಿ. ಒಂದು ನಿಮಿಷದೊಳಗೆ ಕಾಗದ ಅಂಟಿಕೊಂಡರೆ ಉಸಿರಾಟ ಸರಿಯಿದೆ. ಕಾಗದವನ್ನು ದೂಡುವಷ್ಟು ಹೊಗೆ ಬಂದರೆ ಸರಿಯಿಲ್ಲ.

ಶುಚಿ ಮಾಡುವ ಕೆಲಸವನ್ನು ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಬಯಲಿನಲ್ಲಿ ಮಾಡಬೇಕು. ಯಾವ ಹೋಸ್ ಎಲ್ಲಿತ್ತೆಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಲೋಹದ ವಾಲ್ವಿನೊಳಗೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಅಲುಗಾಡಿಸಿ, ಕೊಳೆ ಸುರಿದು, ದ್ರವ ತಿಳಿಯಾಗಿ ಬರುವ ತನಕ ಮರುಕಳಿಸಿ. ಒಣಗಿದ ಮೇಲೆ ಕಿವಿಯ ಬಳಿ ಆಡಿಸಿದರೆ ಗೂಟ ಟಕಟಕ ಎನ್ನಬೇಕು. ಸದ್ದು ಬಂದ ಮಾತ್ರಕ್ಕೆ ಸ್ಪ್ರಿಂಗ್ ಬಿಗಿಯಾಗಿದೆ ಎಂದಲ್ಲ. ಆದ್ದರಿಂದ ಹೆಚ್ಚು ಓಡಿದ ಕಾರಿನಲ್ಲಿ ವಾಲ್ವನ್ನು ತೊಳೆಯುವುದಕ್ಕಿಂತ ಆ ಎಂಜಿನ್ನಿಗೆಂದೇ ತಯಾರಾದ ಹೊಸದನ್ನು ಹಾಕುವುದೇ ಮೇಲು. ಒಳಗೆ ರಬ್ಬರ್ ಪರದೆಯಿರುವ ಹೊಸ ಬಗೆಯ ವಾಲ್ವುಗಳಿಗಂತೂ ಕ್ಲೀನರ್ ತಾಗಿಸಲೇಬಾರದು, ಪರದೆ ಉಬ್ಬಿ ಹರಿಯುತ್ತದೆ.

ಹೋಸುಗಳನ್ನು ಬಿಸಿನೀರು, ಪಾತ್ರೆ ಸೋಪು ಮತ್ತು ಉದ್ದ ಬ್ರಷ್‌ನಿಂದ ತೊಳೆದು, ಒಳಗೆ ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ. ಬಗ್ಗಿಸಿದಾಗ ಬಿರುಕು ತೆರೆದುಕೊಂಡರೆ, ಹಿಂಡಿದಾಗ ಮೆತ್ತಗೆ ಕುಸಿದರೆ ಎಸೆದುಬಿಡಿ. ಅದರ ಜಾಗಕ್ಕೆ ನೀರಿನ ಪೈಪಿನ ತುಂಡು ಸಿಕ್ಕಿಸುವ ರೂಢಿ ಕೆಲವೆಡೆ ಇದೆ. ಅದು ಆಯಿಲಿಗೆ ಮೆದುವಾಗಿ, ಸೆಳೆತಕ್ಕೆ ಚಪ್ಪಟೆಯಾಗಿ, ಮೊದಲಿನ ತೊಂದರೆಯನ್ನೇ ಮರಳಿ ತರುತ್ತದೆ. ಗಟ್ಟಿಯಾದ ಗ್ರೊಮೆಟ್ ಬದಲಾಗಲಿ. ವಾಲ್ವನ್ನು ತಿರುವುಮುರುವಾಗಿ ಜೋಡಿಸಬೇಡಿ, ಗಾಳಿ ಹರಿಯಬೇಕಾದದ್ದು ಎಂಜಿನ್ನಿನಿಂದ ಮ್ಯಾನಿಫೋಲ್ಡಿನ ಕಡೆಗೆ. ಕ್ಲಿಪ್ ಸಡಿಲವಾಗಿದ್ದರೆ ಹೆಚ್ಚುವರಿ ಗಾಳಿ ಒಳನುಗ್ಗಿ ಐಡಲಿಂಗ್ ಏರುಪೇರಾಗುತ್ತದೆ.

ಇಷ್ಟಾದ ಮೇಲೂ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬರುತ್ತಿದ್ದರೆ ರಿಂಗುಗಳು ಸವೆದಿರಬಹುದು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಡೀಸೆಲ್ ಎಂಜಿನ್ನಿಗೆ ಮೇಲಿನ ಕಾಗದದ ಪರೀಕ್ಷೆಯನ್ನು ಅನ್ವಯಿಸಬೇಡಿ, ಅದರ ಒತ್ತಡ ನಿಯಂತ್ರಣದ ರೀತಿಯೇ ಬೇರೆ. ಡೀಸೆಲ್ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಪೈಪಿನಲ್ಲಿ ಆಯಿಲ್ ಮಡುಗಟ್ಟಿದ್ದರೆ ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ: ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಕುಡಿದು ಹತೋಟಿ ಮೀರಿ ಓಡುವ ಅಪಾಯವಿದೆ.

ಕೆಲಸ ಮುಗಿದ ಬಳಿಕ ಹಳೆಯ ಆಯಿಲ್ ಮತ್ತು ಫಿಲ್ಟರನ್ನು ಬದಲಾಯಿಸಿ, ಸೋರುತ್ತಿದ್ದ ಜಾಗವನ್ನು ಒರೆಸಿ ಒಣಗಿಸಿ, ಒಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ನಾಲ್ಕೈದು ನೂರು ಕಿಲೋಮೀಟರ್ ಆದ ಮೇಲೆ ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿಟ್ಟು ಬೆಳಿಗ್ಗೆ ನೋಡಿ. ಹನಿ ಬಿದ್ದಿದ್ದರೆ ಸೀಲ್ ಬದಲಾಯಿಸಲು ಅದೇ ಸಮಯ.