ಮೌಸ್ ಬಿಟ್ಟು ಮುಂಗೈಯ ಸ್ನಾಯುವನ್ನು ನಂಬಿದ ಅನುಭವ

ನನ್ನ ಮೇಜಿನಿಂದ ಮೌಸ್ ಎತ್ತಿಟ್ಟು ಸುಮಾರು ನಾಲ್ಕು ತಿಂಗಳಾಯಿತು. ಕರ್ಸರ್ ಓಡಿಸುವುದು, ಕ್ಲಿಕ್ ಮಾಡುವುದು, ಪುಟ ಸರಿಸುವುದು ಎಲ್ಲವೂ ಈಗ ಬಲ ಮುಂಗೈಗೆ ಸುತ್ತಿದ, ಸ್ನಾಯು ಬಿಗಿದಾಗ ಏಳುವ ಸಣ್ಣ ವಿದ್ಯುತ್ತನ್ನು ಓದುವ ಎಲಾಸ್ಟಿಕ್ ಪಟ್ಟಿಯಿಂದಲೇ ನಡೆಯುತ್ತಿವೆ. ಹೆಬ್ಬೆರಳಿಗೆ ತೋರುಬೆರಳು ತಾಗಿದರೆ ಕ್ಲಿಕ್, ತಾಗಿಸಿ ಹಿಡಿದರೆ ಡ್ರ್ಯಾಗ್, ನಡುಬೆರಳು ತಾಗಿದರೆ ಸ್ಕ್ರೋಲ್. ಇದು ಪ್ರದರ್ಶನಕ್ಕಷ್ಟೇ ಸರಿ, ದಿನದ ಕೆಲಸಕ್ಕೆ ಬಾರದು ಎಂದು ಮೊದಲಿನಿಂದಲೂ ಹೇಳುತ್ತಿದ್ದ ಇಬ್ಬರು ಸಹೋದ್ಯೋಗಿಗಳು ಕಳೆದ ವಾರ ತಮಗೂ ಒಂದೊಂದು ಮಾಡಿಕೊಡಿ ಎಂದು ಕೇಳಿದ ಮೇಲೆ ಇದನ್ನು ಬರೆಯುವ ಧೈರ್ಯ ಬಂದಿದೆ.

ಅವರ ಸಂಶಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಇಂಥದೇ ಒಂದು ಪಟ್ಟಿ, ಎಂಟು ಸಂವೇದಕಗಳಿದ್ದ ಮಯೋ, ಅದರ ಮಾರಾಟವೇ 2018ರಲ್ಲಿ ನಿಂತುಹೋಗಿತ್ತು. ನನ್ನ ಮೊದಲ ಮೂರು ಪಟ್ಟಿಗಳೂ ಕಸದ ಬುಟ್ಟಿ ಸೇರಿದವು. ಮೊದಲನೆಯದರಲ್ಲಿ ಹಣ ಉಳಿಸಲೆಂದು ಇಎಸ್‌ಪಿ32 ಎಂಬ ಅಗ್ಗದ ನಿಯಂತ್ರಕ ಚಿಪ್ಪಿನ ಒಳಗಿನ ಎಡಿಸಿಯನ್ನೇ (ವೋಲ್ಟೇಜನ್ನು ಅಂಕಿಗೆ ಬದಲಿಸುವ ಭಾಗ) ನಂಬಿದ್ದೆ. ಚರ್ಮದ ಮೇಲೆ ಒಂದೆರಡು ಮಿಲಿವೋಲ್ಟ್ ಕೂಡ ಮುಟ್ಟದ ಸಂಕೇತ ಅದರ ಗದ್ದಲದಲ್ಲೇ ಮುಳುಗಿಹೋಯಿತು. ಎರಡನೆಯದರಲ್ಲಿ ಚರ್ಮದಿಂದ ಸಂಕೇತ ಹಿಡಿಯಲು ಜೆಲ್ ಹಚ್ಚಿದ ಎಲೆಕ್ಟ್ರೋಡ್ ಬಳಸಿದೆ. ಸಂಕೇತ ಚೆನ್ನಾಗಿಯೇ ಇತ್ತು, ಆದರೆ ಮಧ್ಯಾಹ್ನದ ಹೊತ್ತಿಗೆ ಜೆಲ್ ಒಣಗುತ್ತಿತ್ತು, ಮೂರನೆಯ ದಿನಕ್ಕೆ ಕೈ ತುಂಬ ಕೆಂಪು ಗುಳ್ಳೆಗಳೆದ್ದವು. ಕೊನೆಗೆ ಎಲೆಕ್ಟ್ರೋಡಾಗಿ ಕೈಗೆ ಹತ್ತಿದ್ದು ಅಂಗಿಗೆ ಹಾಕುವ ಸ್ಟೀಲಿನ ಟಿಚ್ ಬಟನ್. ಎಂಟು ಜೋಡಿ ಬಟನ್, ಒಂದು ಗೇಣು ಎಲಾಸ್ಟಿಕ್, ಸಣ್ಣ ಸಂಕೇತವನ್ನೂ ನಿಖರವಾಗಿ ಅಳೆಯುವ 24 ಬಿಟ್‌ನ ಎಡಿಎಸ್1299 ಚಿಪ್ಪು, ಒಂದು ಚಿಕ್ಕ ಬ್ಯಾಟರಿ. ಒಟ್ಟು ಖರ್ಚಿನ ಮುಕ್ಕಾಲು ಭಾಗವನ್ನು ಆ ಚಿಪ್ಪೊಂದೇ ನುಂಗಿತು, ಅದರಲ್ಲಿಯೂ ಒಂದನ್ನು ಬೆಸುಗೆ ಹಾಕುವಾಗ ಸುಟ್ಟುಕೊಂಡೆ. ಹಾಳಾದದ್ದನ್ನೂ ಸೇರಿಸಿ ಲೆಕ್ಕ ಹಾಕಿದರೆ ನಾಲ್ಕು ಒಳ್ಳೆಯ ಮೆಕ್ಯಾನಿಕಲ್ ಕೀಬೋರ್ಡುಗಳ ಹಣ ಹೋಗಿದೆ. ಈಗಿನ ಪಟ್ಟಿಯನ್ನು ಮತ್ತೆ ಮಾಡಲು ಒಂದೂವರೆ ಕೀಬೋರ್ಡಿನಷ್ಟು ಸಾಕು.

ಲ್ಯಾಪ್‌ಟಾಪನ್ನು ಚಾರ್ಜರಿಗೆ ಸಿಕ್ಕಿಸಿದ ಕೂಡಲೇ ಗ್ರಾಫಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ಮನೆಯ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಒಂದು ತಿಂಗಳು ತಿಂದಿತು. ಫಿಲ್ಟರಿನ ಮೇಲೆ ಫಿಲ್ಟರ್ ಹಾಕಿ ಸೋತ ಮೇಲೆ ಉಳಿದವುಗಳನ್ನು ಹೋಲಿಸಿ ಅಳೆಯಲು ಇಟ್ಟ ಆಧಾರದ ಎಲೆಕ್ಟ್ರೋಡನ್ನು ಸ್ನಾಯುವಿನ ಮೇಲಿಂದ ಮೊಣಕೈ ಮೂಳೆಯ ಮೇಲಕ್ಕೆ ಸರಿಸಿ, ಯುಎಸ್‌ಬಿ ತಂತಿಯನ್ನು ಕಿತ್ತು ಬ್ಲೂಟೂತಿಗೆ ಬದಲಾಯಿಸಿದೆ. ಅಲ್ಲಿಗೆ ಆ ಕಾಟ ಮುಗಿಯಿತು. ಮನೆಯಲ್ಲೇ ಮಾಡಿದ, ಮೈಗೆ ತಾಗುವ ಉಪಕರಣವನ್ನು ಬ್ಯಾಟರಿಯಿಂದಲೇ ನಡೆಸುವುದು ಸುರಕ್ಷತೆಯ ಮಾತೂ ಹೌದು, ಅದನ್ನು ಮೊದಲೇ ಪಾಲಿಸದೇ ಇದ್ದದ್ದು ನನ್ನ ಮೂರ್ಖತನ.

ಆದರೆ ನಿಜವಾದ ಸೋಲು ತಂತ್ರಾಂಶದಲ್ಲಿತ್ತು. ಏಳು ಸನ್ನೆಗಳನ್ನು ಕಲಿಸಿದ ದಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸರಿ ಬರುತ್ತಿದ್ದದ್ದು, ಮರುದಿನ ಬೆಳಗ್ಗೆ ಪಟ್ಟಿಯನ್ನು ಬಿಚ್ಚಿ ಕಟ್ಟಿದರೆ ಅರುವತ್ತಕ್ಕೆ ಇಳಿಯುತ್ತಿತ್ತು, ಏಕೆಂದರೆ ಬಟನ್ನುಗಳು ಅರ್ಧ ಬೆರಳಿನಗಲ ಸರಿದರೂ ಅವುಗಳ ಕೆಳಗಿನ ಸ್ನಾಯುವೇ ಬೇರೆ. ಸನ್ನೆ ಗುರುತಿಸುವ ಇನ್ನೂ ದೊಡ್ಡ ಎಐ ಮಾಡೆಲ್ ತಂದರೆ ಸರಿಹೋದೀತೆಂದು ಎರಡು ವಾರ ಒದ್ದಾಡಿ, ಕೊನೆಗೆ ಸನ್ನೆಗಳನ್ನು ಮೂರಕ್ಕೆ ಇಳಿಸಿ, ಪಟ್ಟಿ ಕಟ್ಟಿದಾಗಲೆಲ್ಲ ಅರ್ಧ ನಿಮಿಷ ಹೊಂದಿಸಿಕೊಳ್ಳುವ ಪದ್ಧತಿಗೆ ಬಂದೆ. ಸಂಜೆಯ ಹೊತ್ತಿಗೆ ಬೆವರಿನಿಂದಲೂ ದಣಿವಿನಿಂದಲೂ ಸಂಕೇತ ಜಾರುವುದನ್ನು ತಂತ್ರಾಂಶ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ ಒಂದು ಕಿರಿಕಿರಿ ಉಳಿದಿತ್ತು. ಕರ್ಸರನ್ನು ಓಡಿಸುವುದು ಮಣಿಕಟ್ಟಿನ ಬಳಿಯ ಜೈರೊಸ್ಕೋಪ್, ಅಂದರೆ ಕೈಯ ತಿರುವನ್ನು ಅಳೆಯುವ ಸಂವೇದಕ. ಬೆರಳು ತಾಗಿಸುವ ಕ್ಷಣದಲ್ಲಿ ಕೈ ಕೊಂಚ ಅದುರುತ್ತದೆ, ಕರ್ಸರ್ ಪರದೆಯ ಗುಂಡಿಯಿಂದಾಚೆ ಹಾರಿ ಕ್ಲಿಕ್ ಪಕ್ಕದಲ್ಲೆಲ್ಲೋ ಬೀಳುತ್ತದೆ. ಪರಿಹಾರ ಸ್ನಾಯುವಿನಲ್ಲೇ ಇತ್ತು. ಬೆರಳು ಅಲುಗುವುದಕ್ಕೆ ಹತ್ತಾರು ಮಿಲಿಸೆಕೆಂಡು ಮೊದಲೇ ಸ್ನಾಯುವಿನಲ್ಲಿ ವಿದ್ಯುತ್ ಏಳುತ್ತದೆ. ಆ ಏಳುವಿಕೆ ಕಂಡೊಡನೆ ಕರ್ಸರನ್ನು ಇದ್ದಲ್ಲೇ ಕಟ್ಟಿಹಾಕಿ, ಸನ್ನೆ ಖಚಿತವಾದ ಮೇಲೆ ಕ್ಲಿಕ್ ಕಳಿಸಿದೆ. ಅದಕ್ಕೆ ಮೊದಲು ಹತ್ತರಲ್ಲಿ ಮೂರು ಕ್ಲಿಕ್ ತಪ್ಪುತ್ತಿದ್ದವು, ಈಗ ನೂರರಲ್ಲಿ ಎರಡೋ ಮೂರೋ ಇರಬಹುದು. ಈ ಮುನ್ಸೂಚನೆ ಯಾವ ಮೌಸಿಗೂ ಸಿಗುವುದಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ವೆಬ್‌ಕ್ಯಾಮಿನಿಂದ ಕಣ್ಣಿನ ನೋಟವನ್ನು ಹಿಡಿಯಲೂ ಹೋಗಿದ್ದೆ. ನೋಡಿದ್ದೆಲ್ಲ ಒತ್ತಿಹೋಗುವ ಅವಾಂತರದಿಂದ ಒಂದೇ ಮಧ್ಯಾಹ್ನದಲ್ಲಿ ಮೂರು ಕಡತಗಳು ಅಳಿಸಿಹೋದವು. ಕಣ್ಣಿನಿಂದ ಗುರಿ, ಬೆರಳಿನಿಂದ ಕ್ಲಿಕ್ ಎಂದು ಹಂಚಿದಾಗ ಹಿತವಾಯಿತು. 2024ರಲ್ಲಿ ಬಂದ, ತಲೆಗೆ ಹಾಕಿಕೊಳ್ಳುವ ಆಪಲ್ ವಿಷನ್ ಪ್ರೊ ನಡೆಯುವುದೂ ಹೀಗೆಯೇ. ಇನ್ನೊಂದು ಹುಚ್ಚು ಎಡಗೈಯಿಂದಲೇ ಅಕ್ಷರ ಹೊಡೆಯುವ ಐದು ಕೀಲಿಗಳದ್ದು. ಮೌಸಿನ ಜನಕ ಡಗ್ಲಸ್ ಎಂಗಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಮೌಸನ್ನು ಪ್ರದರ್ಶಿಸಿದಾಗ ಅವರ ಎಡಗೈಯಲ್ಲಿ ಅಂಥದ್ದೇ ಇತ್ತು. ಐದು ಕೀಲಿಗಳನ್ನು ಬಗೆಬಗೆಯಾಗಿ ಕೂಡಿಸಿ ಒತ್ತಿದರೆ 31 ಬೇರೆ ಬೇರೆ ಜೋಡಣೆಗಳು ಸಿಗುತ್ತವೆ. ಮೂರು ವಾರ ಅಭ್ಯಾಸ ಮಾಡಿಯೂ ನಿಮಿಷಕ್ಕೆ ಹನ್ನೆರಡು ಪದ ದಾಟಲಾಗಲಿಲ್ಲ, ಕೈಬಿಟ್ಟೆ.

ಹಾಗಾಗಿ ಕೀಬೋರ್ಡನ್ನು ನಾನು ತೆಗೆದಿಲ್ಲ, ಸದ್ಯಕ್ಕೆ ಅದು ಹೋಗುವುದೂ ಇಲ್ಲ. ಫೇಸ್‌ಬುಕ್ಕಿನ ಒಡೆಯರಾದ ಮೆಟಾದವರು 2025ರಲ್ಲಿ ಕನ್ನಡಕದ ಜೊತೆಗೆ ಇಂಥದೇ ಮಣಿಕಟ್ಟಿನ ಪಟ್ಟಿಯನ್ನು ಮಾರುಕಟ್ಟೆಗೆ ತಂದರು. ಗಾಳಿಯಲ್ಲಿ ಬರೆದಂತೆ ಬೆರಳಾಡಿಸಿ ಅವರ ಸಂಶೋಧಕರು ಮುಟ್ಟಿದ ವೇಗ ನಿಮಿಷಕ್ಕೆ 20.9 ಪದ. ಕೀಬೋರ್ಡಿನಲ್ಲಿ ಅದರ ಮೂರರಷ್ಟನ್ನು ನಾನೇ ಹೊಡೆಯುತ್ತೇನೆ. ಮುಂದೆ ಕಣ್ಮರೆಯಾಗುವುದು ಕೀಲಿಗಳಲ್ಲ, ಕೀಲಿಗಳಿಂದ ಕೈ ಎತ್ತಿ ಮೌಸಿನತ್ತ ಚಾಚುವ ಚಲನೆ ಎಂಬುದು ನನ್ನ ಎಣಿಕೆ.

ಪಟ್ಟಿ ಕೇಳಿದ ಸಹೋದ್ಯೋಗಿಗಳಲ್ಲಿ ಒಬ್ಬರು ಎಡಗೈಯವರು, ಅವರ ಮುಂಗೈ ನನ್ನದಕ್ಕಿಂತ ಸಪೂರ ಕೂಡ. ಎಲಾಸ್ಟಿಕನ್ನು ಎರಡು ಬೆರಳು ಚಿಕ್ಕದು ಮಾಡಿ, ಎಂಟರ ಬದಲು ಆರು ಜೋಡಿ ಬಟನ್ ಹೊಲಿದಿದ್ದೇನೆ. ಅಷ್ಟರಲ್ಲಿ ನಡುಬೆರಳು ಬೇರೆಯಾಗಿ ಗುರುತಾಗುತ್ತದೆಯೋ ಇಲ್ಲವೋ ಎಂಬುದು ಅವರ ಕೈಗೆ ಕಟ್ಟಿದ ಮೇಲಷ್ಟೇ ತಿಳಿಯಬೇಕು.