ಹಳೆಯ ಕಾರು ಹೀಟ್ ಆಗುತ್ತಿದೆಯೇ? ಬಳ್ಳಾರಿ ಬಿಸಿಲಲ್ಲಿ ನಾನು ನೋಡುವ ಕ್ರಮ

ಗಾಡಿ ಹೀಟ್ ಆಗ್ತಿದೆ ಎಂದು ಯಾರೇ ಬಂದರೂ ಪಾನಾ ಹಿಡಿಯುವ ಮುಂಚೆ ನಾನು ಕೇಳುವುದು ಒಂದೇ ಪ್ರಶ್ನೆ: ಟೆಂಪರೇಚರ್ ಮುಳ್ಳು ಯಾವಾಗ ಮೇಲೇರುತ್ತದೆ? ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗಲೋ, ತೋರಣಗಲ್ಲು ದಾರಿಯಲ್ಲಿ ಎಂಬತ್ತರ ವೇಗದಲ್ಲೋ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೋ? ಮೂರಕ್ಕೂ ಕಾರಣ ಬೇರೆ ಬೇರೆ. ಇದನ್ನು ತಿಳಿಯದೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ), ವಾಟರ್ ಪಂಪ್, ರೇಡಿಯೇಟರ್ ಎಂದು ಒಂದೊಂದೇ ಬದಲಿಸುತ್ತ ಹೋದರೆ ದುಡ್ಡು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ. ಮಾರುತಿ 800, ಹಳೆಯ ಝೆನ್‌ನಂಥ ಪೆಟ್ರೋಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಬೇರೆ ಹಳೆಯ ಕಾರುಗಳಿಗೂ ಕ್ರಮ ಇದೇ.

ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾದರೆ ಅದು ಗಾಳಿಯ ಕೊರತೆ. ಮೊದಲು ಫ್ಯಾನ್ ನೋಡಿ. ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ಜೋರಾಗಿ ತಿರುಗಿದರೆ ಮೋಟಾರ್ ಸರಿ ಇದೆ, ಫ್ಯೂಸ್, ರಿಲೇ, ಥರ್ಮೋ ಸ್ವಿಚ್ ಕಡೆ ಹುಡುಕಬೇಕು. ಕೈಯಿಂದ ತಳ್ಳಿದಾಗ ಮಾತ್ರ ತಿರುಗಿದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಫ್ಯಾನ್ ಓಡುವಾಗ ಮುಂದಿನ ಗ್ರಿಲ್‌ಗೆ ಒಂದು ಹಾಳೆ ಪೇಪರ್ ಹಿಡಿಯಿರಿ, ಅದು ಒಳಕ್ಕೆ ಅಂಟಬೇಕು. ಹೊರಕ್ಕೆ ಹಾರಿದರೆ ವೈರ್ ಅದಲು ಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ಮೋಟಾರ್ ಬದಲಿಸಿದ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಿ.

ಫ್ಯಾನ್ ಸರಿ ಇದ್ದರೂ ಬಿಸಿಯಾಗುತ್ತಿದ್ದರೆ, ನಮ್ಮ ಕಡೆ ನನ್ನ ಅನುಮಾನ ನೇರ ಧೂಳಿನ ಮೇಲೆ. ಸಂಡೂರು ರಸ್ತೆಯ ಅದಿರಿನ ಕೆಂಧೂಳು, ಸುಗ್ಗಿ ಕಾಲದಲ್ಲಿ ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ಭತ್ತದ ಹೊಟ್ಟು, ರಾಯಚೂರಿನ ಹತ್ತಿಯ ಎಳೆ ಎಲ್ಲವೂ ರೇಡಿಯೇಟರ್ ರೆಕ್ಕೆಗಳಲ್ಲಿ ಹೋಗಿ ಕೂರುತ್ತವೆ. ಎಸಿ ಇರುವ ಗಾಡಿಯಲ್ಲಿ ಇದು ಮುಂದಿನಿಂದ ಕಾಣುವುದೇ ಇಲ್ಲ. ಎದುರಿಗಿರುವ ಕಂಡೆನ್ಸರ್ ಸ್ವಚ್ಛವಾಗಿ ಕಾಣುತ್ತದೆ, ಅದರ ಹಿಂದೆ, ರೇಡಿಯೇಟರ್‌ಗೂ ಅದಕ್ಕೂ ನಡುವಿನ ಸಂದಿಯಲ್ಲಿ, ಧೂಳು ಎಣ್ಣೆಯ ಜೊತೆ ಸೇರಿ ಕಂಬಳಿಯಂತೆ ಹಾಸಿಕೊಂಡಿರುತ್ತದೆ. ರೇಡಿಯೇಟರಿನ ಮೇಲಿನ ಬೋಲ್ಟ್‌ಗಳನ್ನು ಬಿಚ್ಚಿ ಎಂಜಿನ್ ಕಡೆಗೆ ಸ್ವಲ್ಪ ವಾಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಎಲ್ಲಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ಬರುವುದಿಲ್ಲ.

ತೊಳೆಯುವಾಗ ನೀರು ಮೊದಲು ಹಾಕಬೇಡಿ. ಕೆಂಧೂಳಿಗೆ ನೀರು ಬಿದ್ದರೆ ಕೆಸರಾಗಿ ಒಳಗೇ ಗಟ್ಟಿಯಾಗುತ್ತದೆ. ಮೊದಲು ಒಣ ಗಾಳಿ, ಅದೂ ಎಂಜಿನ್ ಕಡೆಯಿಂದ ಮುಂದಕ್ಕೆ. ಪಂಕ್ಚರ್ ಅಂಗಡಿಯ ಗಾಳಿ ಸಾಕು. ಆಮೇಲೆ ಶಾಂಪೂ ನೀರು, ಮೆತ್ತನೆ ಬ್ರಷ್, ಸಣ್ಣ ಪೈಪಿನ ನೀರು. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಶಾಶ್ವತವಾಗಿ ಮುಚ್ಚಿಕೊಳ್ಳುತ್ತವೆ. ಮಾರ್ಚ್ ಶುರುವಾಗುವ ಮುಂಚೆ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ ಈ ಕೆಲಸ ಆಗಲೇಬೇಕು.

ಸಿಟಿಯಲ್ಲಿ ಸರಿ ಇದ್ದು ಹೈವೇಯಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ತೊಂದರೆ ನೀರಿನ ಹರಿವಿನದ್ದು. ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಹೆಚ್ಚುಕಡಿಮೆ 6ರಿಂದ 10 ಮಿ.ಮೀ. ತಗ್ಗಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಬಣ್ಣದ ಗೆರೆ ಇಳಿದು ಒಣಗಿದ್ದರೆ ಸೀಲ್ ಹೋಗಿದೆ. ರೇಸ್ ಕೊಟ್ಟಾಗ ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾದರೆ ಹೋಸ್ ಬದಲಿಸಿ. ಇವೆಲ್ಲ ಸರಿ ಇದ್ದರೆ ಬಿಸಿ ಎಂಜಿನ್ ಓಡುತ್ತಿರುವಾಗ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಮೈಮೇಲೆಲ್ಲ ಆಡಿಸಿ. ಅಕ್ಕಪಕ್ಕ ಬಿಸಿ ಇದ್ದು ನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ಟ್ಯೂಬ್ ಕಟ್ಟಿದೆ.

ಟ್ಯೂಬ್ ಕಟ್ಟುವುದು ನಮ್ಮ ಬೋರ್ ನೀರಿನಿಂದ. ಗಡಸು ನೀರು ಬಿಸಿಯಾದಾಗ ಅದರಲ್ಲಿರುವ ಸುಣ್ಣದ ಅಂಶ ಬೇರ್ಪಟ್ಟು ಲೋಹಕ್ಕೆ ಅಂಟುತ್ತದೆ. ಹಂಡೆಯಲ್ಲಿ ಕಟ್ಟುವ ಬಿಳಿ ಪದರವೂ ಅದೇ. ಈ ಪದರ ಲೋಹದ ಹಾಗೆ ಶಾಖ ದಾಟಿಸುವುದಿಲ್ಲ. ಕಡಿಮೆಯಾದಾಗಲೆಲ್ಲ ಬಾಟಲಿ ಬೋರ್ ನೀರು ಸುರಿದರೆ ಪ್ರತಿ ಸಲ ಹೊಸ ಸುಣ್ಣ ಸೇರುತ್ತದೆ.

ತೆಳು ಪದರವಾದರೆ ನಾನು ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಬಳಸುತ್ತೇನೆ. ತಣ್ಣಗಿನ ಎಂಜಿನ್‌ನಿಂದ ಹಳೆಯದನ್ನೆಲ್ಲ ಇಳಿಸಿ, ಲೀಟರಿಗೆ 30 ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿ, ಮೇಲಿನ ಹೋಸ್ ಬಿಸಿಯಾದ ಮೇಲೆ ಇಪ್ಪತ್ತು ನಿಮಿಷ ಓಡಿಸಿ, ಆರಿದ ಮೇಲೆ ಇಳಿಸಬೇಕು. ರಾತ್ರಿಯಿಡೀ ಬಿಡಬಾರದು, ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾ, ಟಾಯ್ಲೆಟ್ ಆ್ಯಸಿಡ್ ಹತ್ತಿರವೂ ಸುಳಿಯಬೇಡಿ. ಆಮೇಲೆ ಕೆಳಗಿನ ಬಾಯಿಂದ ಮೇಲಕ್ಕೆ ನೀರು ಬಿಟ್ಟು, ತಿಳಿಯಾಗಿ ಬರುವವರೆಗೆ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ವಾಟರ್. ಪದರ ದಪ್ಪವಾಗಿದ್ದರೆ, ಹಿತ್ತಾಳೆ-ತಾಮ್ರದ ರೇಡಿಯೇಟರನ್ನು ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ಸಲಾಕೆ ಹೊಡೆಸಬಹುದು. ಪ್ಲಾಸ್ಟಿಕ್ ಟ್ಯಾಂಕಿನದ್ದಾದರೆ ಬದಲಿಸುವುದೇ ವಾಸಿ.

ಕೂಲಂಟ್ ಸಾಂದ್ರವನ್ನೂ ಡಿಸ್ಟಿಲ್ಡ್ ವಾಟರನ್ನೂ ಅರ್ಧರ್ಧ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲದ್ದರಿಂದ ಕೂಲಂಟ್ ಮೂರನೇ ಒಂದು ಪಾಲಿದ್ದರೂ ನಡೆಯುತ್ತದೆ. ಅದಕ್ಕಿಂತ ಕಡಿಮೆ ಮಾಡಿದರೆ ತುಕ್ಕು ತಡೆಯುವ ಶಕ್ತಿ ಉಳಿಯುವುದಿಲ್ಲ. ಹಸಿರು, ಕಿತ್ತಳೆ ಕೂಡಿಸಬೇಡಿ, ಬಣ್ಣ ನೋಡಿ ಜಾತಿ ನಿರ್ಧರಿಸಲೂ ಬೇಡಿ. ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ. ತುಂಬುವಾಗ ಹೀಟರ್ ಇದ್ದರೆ ಬಿಸಿ ಕಡೆ ಇಟ್ಟು, ಮೂತಿ ಏರಿನ ಕಡೆ ನಿಲ್ಲಿಸಿ, ಕ್ಯಾಪ್ ತೆಗೆದೇ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪ ಹಾಕುತ್ತ ಹೋಗಬೇಕು. ಒಳಗೆ ಗಾಳಿ ಉಳಿದರೆ ಹೊಸ ಕೂಲಂಟ್ ಹಾಕಿದ ಮರುದಿನವೇ ಮುಳ್ಳು ಏರುತ್ತದೆ.

ರೇಡಿಯೇಟರ್ ಕ್ಯಾಪ್ ಸಣ್ಣದೆಂದು ಬಿಡುವವರೇ ಹೆಚ್ಚು. ಅದರ ಮೇಲಿನ 0.9 ಎಂಬ ಅಂಕಿ ಒತ್ತಡದ ಲೆಕ್ಕ. ಕ್ಯಾಪ್ ಆ ಒತ್ತಡವನ್ನು ಹಿಡಿದಿಟ್ಟರೆ ಬರೀ ನೀರೂ 118 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ರಬ್ಬರ್ ಬಿರಿದರೆ 100ಕ್ಕೇ ಕುದಿದು ರಿಸರ್ವ್ ಡಬ್ಬಿಯಿಂದ ಹೊರಬೀಳುತ್ತದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಗ್ಯಾರೇಜ್‌ಗಳ ಅಭ್ಯಾಸ, ಇದನ್ನು ನಾನು ಒಪ್ಪುವುದಿಲ್ಲ. ಕಿತ್ತರೆ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಬೈಪಾಸ್ (ರೇಡಿಯೇಟರ್ ತಪ್ಪಿಸುವ ಒಳದಾರಿ) ಮುಚ್ಚುವ ಥರ್ಮೋಸ್ಟಾಟ್ ಇರುವ ಎಂಜಿನ್‌ಗಳಲ್ಲಿ ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಒಳಗೇ ಸುತ್ತುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. 82 ಎಂದು ಗುರುತಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ಕುದಿಯುವ ಮುಂಚೆ ಪೂರ್ತಿ ತೆರೆಯಬೇಕು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಬಂದ್, ಹೀಟರ್ ಪೂರ್ತಿ ಆನ್, ಕಿಟಕಿ ಇಳಿಸಿ ನೆರಳಿಗೆ ನಿಲ್ಲಿಸಿ. ಹಬೆ ಬಂದರೆ, ಅಥವಾ ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ, ಕೂಡಲೇ ಎಂಜಿನ್ ಬಂದ್ ಮಾಡಿ. ಮುಳ್ಳು ಹಾಗೆ ಬಿದ್ದರೆ ನೀರು ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿದೆ ಎಂದರ್ಥ. ಮೇಲಿನ ಹೋಸ್ ಮುಟ್ಟುವಷ್ಟು ತಣಿಯುವವರೆಗೆ ಕ್ಯಾಪ್ ತೆಗೆಯಬೇಡಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ.

ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತಾದರೆ, ಕ್ಯಾಪ್ ತೆಗೆದಿಟ್ಟಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್ ಹಾಳೆ) ಹೋಗಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಲೇಬೇಡಿ. ಹೆಡ್ ಇಳಿಸಿದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ. ಎಲೆ ಎಲ್ಲಾದರೂ ಸಲೀಸಾಗಿ ನುಗ್ಗಿದರೆ ಫೇಸಿಂಗ್ (ಹೆಡ್ ತಳವನ್ನು ಯಂತ್ರದಲ್ಲಿ ಸಮತಟ್ಟು ಮಾಡುವುದು) ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಬೇಡಿ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಮೊದಲ ಓಟದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕ್ಯಾಪ್ ತೆಗೆದು ಮಟ್ಟ ನೋಡಿ, ಇಳಿದಿದ್ದಷ್ಟು ತುಂಬಿ.